ಗಡಿಭಾಗದ ಪ್ರಾಥಮಿಕ ಶಾಲೆಯ ವಾರ್ಷಿಕ ಪ್ರಗತಿ: ಅಕ್ಕೋಳ ಪರಿಸರವನ್ನು ಕುರಿತು ಒಂದು ವಿವೇಚನೆ

೧. ಪ್ರಸ್ತಾವನೆ

ನಮ್ಮ ಭಾಗದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಸ್ನೇಹ ಸಮ್ಮೇಳನ ಜರುಗುವುದುಂಟು. ಊರವರು ಅದನ್ನು ‘ಗ್ಯಾದರಿಂಗ್’ ಎಂದೇ ಕರೆಯುತ್ತಾರೆ. ಮಕ್ಕಳ ಹಾಡು, ಕುಣಿತ, ನಾಟಕಗಳಿಗೆ ಮೊದಲು ಮುಖ್ಯಾಧ್ಯಾಪಕರು ಎದ್ದು ನಿಂತು ಶಾಲೆಯ ವಾರ್ಷಿಕ ವರದಿಯನ್ನು ಓದುತ್ತಾರೆ. ಪಟದಲ್ಲಿರುವ ಮಕ್ಕಳೆಷ್ಟು, ಸರಾಸರಿ ಹಾಜರಿ ಎಷ್ಟು, ಪರೀಕ್ಷೆಯ ಫಲಿತಾಂಶ ಶೇಕಡಾ ಎಷ್ಟು ಎಂಬ ಮೂರು ನಾಲ್ಕು ಅಂಕೆಗಳು ಅದರಲ್ಲಿರುತ್ತವೆ. ಪಾಲಕರು ಚಪ್ಪಾಳೆ ತಟ್ಟುತ್ತಾರೆ, ಪರದೆ ಮೇಲೇಳುತ್ತದೆ, ವರದಿಯನ್ನು ಎಲ್ಲರೂ ಮರೆಯುತ್ತಾರೆ. ಆದರೆ ಆ ಅಂಕೆಗಳು ಮರೆತುಹೋಗುವುದಿಲ್ಲ. ಅವು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಅಲ್ಲಿಂದ ಮೇಲಕ್ಕೂ ಸಾಗುತ್ತವೆ. ಮುಂದಿನ ವರ್ಷ ಶಾಲೆಗೆ ಎಷ್ಟು ಜನ ಶಿಕ್ಷಕರು, ಎಷ್ಟು ಕೊಠಡಿಗಳು, ಎಷ್ಟು ಧಾನ್ಯ ಎಂಬುದನ್ನೂ, ಊರಿನಲ್ಲಿ ಶಾಲೆಗೆ ಯಾವ ಮಾನ ಎಂಬುದನ್ನೂ ಅವೇ ನಿರ್ಣಯಿಸುತ್ತವೆ.

ಇಂತಹ ಅಂಕೆಗಳು ನಿಜವಾಗಿ ಏನನ್ನು ತಿಳಿಸುತ್ತವೆ, ಏನನ್ನು ಮರೆಮಾಡುತ್ತವೆ ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವು. ಉದಾಹರಣೆಗಾಗಿ ಬೆಳಗಾವಿ ಜಿಲ್ಲೆಯ ಅಕ್ಕೋಳ ಗ್ರಾಮದ ಪರಿಸರವನ್ನು ಆರಿಸಿಕೊಳ್ಳಲಾಗಿದೆ. ಮೊದಲು ಚಿಕ್ಕೋಡಿ ತಾಲೂಕಿನಲ್ಲಿದ್ದು ಈಗ ನಿಪ್ಪಾಣಿ ತಾಲೂಕಿಗೆ ಸೇರಿರುವ ಈ ಗ್ರಾಮವು ವೇದಗಂಗಾ ನದಿಯ ದಂಡೆಯಲ್ಲಿದೆ. ಶೈಕ್ಷಣಿಕ ಆಡಳಿತದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಒಳಪಡುತ್ತದೆ. ಇಲ್ಲಿ ವಿವೇಚಿಸಿರುವುದು ಯಾವುದೊಂದು ನಿರ್ದಿಷ್ಟ ಶಾಲೆಯ ಗುಣದೋಷಗಳನ್ನಲ್ಲ. ಇಂತಹ ಊರಿನ ಶಾಲೆಯೊಂದರ ವರ್ಷವನ್ನು ಹೇಗೆ ಓದಬೇಕೆಂಬ ಪ್ರಶ್ನೆಯನ್ನು. ಮುಂದೆ ಬರುವ ಲೆಕ್ಕಗಳಲ್ಲಿಯ ಅಂಕೆಗಳು ವಿಷಯವನ್ನು ಸ್ಪಷ್ಟಪಡಿಸಲು ಕಲ್ಪಿಸಿಕೊಂಡವು. ಯಾವ ಶಾಲೆಯ ದಾಖಲೆಯೂ ಅಲ್ಲ.

೨. ಐತಿಹಾಸಿಕ ಹಿನ್ನೆಲೆ

ಚಿಕ್ಕೋಡಿ ಸೀಮೆಯು ೧೯೫೬ರ ನವೆಂಬರ್ ೧ರಂದು ಅಂದಿನ ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಇಲ್ಲಿಯ ಶಾಲೆಗಳ ಪರಂಪರೆಯನ್ನು ಮುಂಬಯಿ ಪ್ರಾಂತದ ಶಿಕ್ಷಣದ ಇತಿಹಾಸದಲ್ಲಿಯೇ ಹುಡುಕಬೇಕಾಗುತ್ತದೆ. ಹಿರಿಯರು ಇಂದಿಗೂ ತರಗತಿಗೆ ‘ಇಯತ್ತೆ’ ಎನ್ನುವುದು, ಏಳನೆಯ ಇಯತ್ತೆಯ ಕೊನೆಯಲ್ಲಿದ್ದ ‘ಮುಲ್ಕಿ ಪರೀಕ್ಷೆ’ಯನ್ನು ನೆನೆಯುವುದು ಆ ಪರಂಪರೆಯ ಗುರುತುಗಳು. ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಶಿಕ್ಷಕನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಶಾಲೆಯ ಯೋಗ್ಯತೆಯನ್ನು ಒಂದೇ ಪರೀಕ್ಷೆಯ ಫಲದಿಂದ ಅಳೆಯುವ ರೂಢಿಗೆ ಆ ಕಾಲದಿಂದಲೂ ಬೇರುಗಳಿವೆ.

ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಪ್ರಯತ್ನವೂ ಈ ಸೀಮೆಯ ಸುತ್ತಮುತ್ತ ಬೇಗನೆ ಆರಂಭವಾಯಿತು. ನೆರೆಯ ಕೊಲ್ಲಾಪುರ ಸಂಸ್ಥಾನದಲ್ಲಿ ಶಾಹೂ ಛತ್ರಪತಿಗಳು ೧೯೧೭ರಲ್ಲಿ ಉಚಿತ ಹಾಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಜಾರಿಗೆ ತಂದರು. ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ೧೯೧೮ರಲ್ಲಿ ಮುಂಬಯಿ ಪ್ರಾಂತದ ಪುರಸಭೆಗಳಿಗೆ ಶಿಕ್ಷಣವನ್ನು ಕಡ್ಡಾಯಗೊಳಿಸುವ ಅಧಿಕಾರ ಲಭಿಸಿತು. ೧೯೨೩ರ ಕಾಯಿದೆಯು ಪ್ರಾಥಮಿಕ ಶಾಲೆಗಳ ಆಡಳಿತವನ್ನು ಸ್ಥಾನಿಕ ಸಂಸ್ಥೆಗಳಿಗೆ ವಹಿಸಿತು. ೧೯೪೭ರ ಕಾಯಿದೆಯು ಅದನ್ನು ಜಿಲ್ಲಾ ಸ್ಕೂಲ್ ಬೋರ್ಡುಗಳ ಮೂಲಕ ಮುಂದುವರಿಸಿತು. ೧೯೨೫ರಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತ ವರ್ಗಗಳ ಪರಿಷತ್ತು ಸೇರಿದಾಗ ಡಾ. ಅಂಬೇಡ್ಕರರು ಅದರಲ್ಲಿ ಭಾಗವಹಿಸಿದ್ದರು. ಶಾಲೆಯ ಬಾಗಿಲು ಯಾರಿಗೆ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬುದು ಈ ಸೀಮೆಗೆ ಹೊಸ ಪ್ರಶ್ನೆಯಲ್ಲವೆಂಬುದಕ್ಕೆ ಇವೆಲ್ಲ ಸಾಕ್ಷಿಯಾಗಿವೆ.

ಏಕೀಕರಣದ ನಂತರ ೧೯೬೧ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯೂ, ಕೊನೆಗೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕಿನ ಕಾಯಿದೆಯೂ ಬಂದವು. ಮೊದಲಿನ ಕಾಯಿದೆಗಳು ಮಗುವನ್ನು ಶಾಲೆಗೆ ಕಳುಹುವ ಹೊಣೆಯನ್ನು ಮುಖ್ಯವಾಗಿ ಪಾಲಕರ ಮೇಲೆ ಹೊರಿಸಿದ್ದವು. ೨೦೦೯ರ ಕಾಯಿದೆಯು ೬ರಿಂದ ೧೪ ವರ್ಷದ ಪ್ರತಿಯೊಂದು ಮಗುವಿಗೂ ಶಾಲೆಯನ್ನು ಒದಗಿಸುವ ಹೊಣೆಯನ್ನು ಸರಕಾರದ ಮೇಲೆ ಹೊರಿಸಿತು. ಇದು ದೊಡ್ಡ ವ್ಯತ್ಯಾಸ. ಹಿಂದೆ ಶಾಲೆಗೆ ಬಾರದ ಮಗು ಪಾಲಕನ ತಪ್ಪೆನಿಸುತ್ತಿತ್ತು. ಈಗ ಅದು ವ್ಯವಸ್ಥೆಯ ಕೊರತೆ. ಶಾಲೆಯ ವಾರ್ಷಿಕ ವರದಿಯೂ ಈ ದೃಷ್ಟಿಯಿಂದ ಬದಲಾಗಬೇಕಾಗಿತ್ತು. ಅದು ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

೩. ವಿದ್ಯಾರ್ಥಿಸಮುದಾಯದ ಸ್ವರೂಪ

ಶಾಲೆಯ ಪ್ರಗತಿಯನ್ನು ಅಳೆಯುವ ಮೊದಲು ಶಾಲೆಯಲ್ಲಿ ಕುಳಿತಿರುವವರು ಯಾರೆಂಬುದನ್ನು ತಿಳಿಯಬೇಕು. ಅಕ್ಕೋಳ ಪರಿಸರದಲ್ಲಿ ಈ ಸಮುದಾಯಕ್ಕೆ ಮೂರು ವಿಶೇಷಗಳಿವೆ.

ಮೊದಲನೆಯದು ಭಾಷೆ. ನಿಪ್ಪಾಣಿ ಭಾಗದಲ್ಲಿ ಕನ್ನಡ ಮರಾಠಿಗಳೆರಡೂ ಮನೆಮಾತುಗಳು. ಉರ್ದು ಮಾತನಾಡುವ ಕುಟುಂಬಗಳೂ ಇವೆ. ಅನೇಕ ಗ್ರಾಮಗಳಲ್ಲಿ ಕನ್ನಡ ಮಾಧ್ಯಮದ ಸರಕಾರಿ ಶಾಲೆಯೂ ಮರಾಠಿ ಮಾಧ್ಯಮದ ಸರಕಾರಿ ಶಾಲೆಯೂ ಇರುತ್ತವೆ. ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ ೩೫೦-ಎ ಅನುಚ್ಛೇದವು ಹೇಳುತ್ತದೆ. ಇದು ರಾಜ್ಯಗಳ ಪುನರ್ವಿಂಗಡಣೆಯ ವರ್ಷವಾದ ೧೯೫೬ರಲ್ಲಿಯೇ ಏಳನೆಯ ತಿದ್ದುಪಡಿಯ ಮೂಲಕ ಸೇರಿತು. ಆದರೆ ಮನೆಮಾತು ಹಾಗೂ ಶಾಲೆಯ ಮಾಧ್ಯಮಗಳು ಎಲ್ಲ ಮಕ್ಕಳಲ್ಲಿಯೂ ಹೊಂದಿಕೊಳ್ಳುವುದಿಲ್ಲ. ಮನೆಯಲ್ಲಿ ಮರಾಠಿಯನ್ನಾಡಿ ಕನ್ನಡ ಶಾಲೆಗೆ ಬರುವ ಮಗು ಒಂದು ಕಡೆ. ಕನ್ನಡವನ್ನಾಡಿಯೂ ಪಠ್ಯಪುಸ್ತಕದ ಕನ್ನಡವನ್ನು ಪರಕೀಯವೆಂದು ಕಾಣುವ ಮಗು ಇನ್ನೊಂದು ಕಡೆ. ‘ಸಾಲಿ’ಗೆ ಹೋಗುವ ಮಗು ಪುಸ್ತಕದಲ್ಲಿ ‘ಶಾಲೆ’ಯನ್ನು ಓದಬೇಕು. ಬಾಳಬೋಧ ಲಿಪಿಯ ಫಲಕಗಳನ್ನು ಅಂಗಡಿಗಳ ಮೇಲೆ ದಿನವೂ ಕಾಣುವ ಮಗುವು ಕನ್ನಡದ ಒತ್ತಕ್ಷರಗಳನ್ನು ಕಲಿಯಬೇಕು. ಇದು ಮಗುವಿನ ದಡ್ಡತನವಲ್ಲ. ಅದರ ಎದುರಿಗಿರುವ ಕೆಲಸವೇ ಎರಡು ಪಟ್ಟು.

ಎರಡನೆಯದು ಜೀವನೋಪಾಯ. ನಿಪ್ಪಾಣಿಯು ಬೀಡಿ ತಂಬಾಕಿನ ಪ್ರಸಿದ್ಧ ಪೇಟೆ. ತಂಬಾಕಿಗೆ ನ್ಯಾಯವಾದ ಬೆಲೆಗಾಗಿ ೧೯೮೧ರಲ್ಲಿ ಇಲ್ಲಿ ನಡೆದ ರೈತ ಚಳವಳಿಯು ದೇಶದ ಗಮನವನ್ನು ಸೆಳೆದಿತ್ತು. ಪೋಲೀಸರ ಗೋಲೀಬಾರಿನಲ್ಲಿ ರೈತರು ಪ್ರಾಣ ತೆತ್ತಿದ್ದರು. ತಂಬಾಕಿನ ವಖಾರಿಗಳಲ್ಲಿಯೂ ಮನೆಯಲ್ಲಿ ಕುಳಿತು ಬೀಡಿ ಕಟ್ಟುವುದರಲ್ಲಿಯೂ ಹೆಣ್ಣುಮಕ್ಕಳ ದುಡಿಮೆಯೇ ಪ್ರಧಾನ. ಬೀಡಿ ತಯಾರಿಕೆಯಲ್ಲಿ ಮಕ್ಕಳನ್ನು ದುಡಿಸುವುದನ್ನು ೧೯೮೬ರ ಕಾಯಿದೆಯೇ ನಿಷೇಧಿಸಿತು. ಆದರೆ ತಾಯಿ ಮನೆಯಲ್ಲಿ ಬೀಡಿ ಕಟ್ಟುವಾಗ ಮಗಳು ತಮ್ಮನನ್ನು ನೋಡಿಕೊಳ್ಳುವುದು ಯಾವ ಕಾಯಿದೆಯ ಕಣ್ಣಿಗೂ ಬೀಳುವುದಿಲ್ಲ. ಶಾಲೆಯ ಹಾಜರಿ ಪಟ್ಟಿಯಲ್ಲಿ ಮಾತ್ರ ಒಂದು ‘ಗೈರು’ ಆಗಿ ಬೀಳುತ್ತದೆ. ಇತ್ತೀಚಿನ ದಶಕಗಳಲ್ಲಿ ನೀರಾವರಿಯೊಂದಿಗೆ ಕಬ್ಬು ವಿಸ್ತಾರವಾಗಿ ಬೆಳೆದಿದೆ. ಕಬ್ಬು ಕಡಿಯುವ ಗ್ಯಾಂಗುಗಳು ಹಂಗಾಮಿಗೆ ಹೊರಗಿನಿಂದ ಬಂದು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ. ಅವರೊಡನೆ ಮಕ್ಕಳೂ ಬರುತ್ತಾರೆ. ದೀಪಾವಳಿಯ ಆಸುಪಾಸಿಗೆ ಬಂದವರು ಹಂಗಾಮು ಮುಗಿದೊಡನೆ ತಿರುಗಿ ಹೋಗುತ್ತಾರೆ. ಶಾಲೆಯ ವರ್ಷವು ಜೂನಿನಿಂದ ಏಪ್ರಿಲ್‌ವರೆಗೆ. ಈ ಮಕ್ಕಳ ವರ್ಷವು ಕಾರಖಾನೆಯ ಹೊಗೆಕೊಳವೆಯೊಂದಿಗೆ ಆರಂಭವಾಗಿ ಅದರೊಂದಿಗೇ ಮುಗಿಯುತ್ತದೆ.

ಮೂರನೆಯದು ನದಿ. ವೇದಗಂಗೆಯು ದೂಧಗಂಗೆಯನ್ನೂ, ದೂಧಗಂಗೆಯು ಕೃಷ್ಣೆಯನ್ನೂ ಸೇರುತ್ತವೆ. ಸಹ್ಯಾದ್ರಿಯಲ್ಲಿ ಮಳೆ ಜೋರಾದ ವರ್ಷಗಳಲ್ಲಿ ಅಕ್ಕೋಳ-ಸಿದ್ನಾಳ, ಜತ್ರಾಟ-ಭಿವಶಿ ಮೊದಲಾದ ಕೆಳಮಟ್ಟದ ಸೇತುವೆಗಳು ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಮುಳುಗುತ್ತವೆ. ೨೦೦೫, ೨೦೧೯ ಹಾಗೂ ೨೦೨೧ರ ಮಹಾಪೂರಗಳು ಈ ಭಾಗದವರಿಗೆ ಚೆನ್ನಾಗಿ ನೆನಪಿವೆ. ಇಂತಹ ಸಮಯದಲ್ಲಿ ಎತ್ತರದಲ್ಲಿರುವ ಶಾಲೆಗಳ ಕೊಠಡಿಗಳೇ ನಿರಾಶ್ರಿತ ಕುಟುಂಬಗಳಿಗೆ ಆಶ್ರಯವಾಗುತ್ತವೆ.

೪. ಹಾಜರಿಯ ಸರಾಸರಿ

ಈಗ ವರದಿಯ ಅಂಕೆಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಶಿಕ್ಷಣದ ಹಕ್ಕಿನ ಕಾಯಿದೆಯ ಅನುಸೂಚಿಯಂತೆ ೧ರಿಂದ ೫ನೆಯ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ ೨೦೦ ಕೆಲಸದ ದಿನಗಳು, ೬ರಿಂದ ೮ನೆಯ ತರಗತಿಗಳಿಗೆ ೨೨೦ ದಿನಗಳು ಇರಬೇಕು. ಒಂದು ತರಗತಿಯಲ್ಲಿ ೩೦ ಮಕ್ಕಳಿದ್ದು ಶಾಲೆಯು ೨೦೦ ದಿನ ನಡೆದರೆ ಒಟ್ಟು ೬೦೦೦ ಹಾಜರಿಗಳಾಗಬೇಕು. ವರದಿಯಲ್ಲಿ ‘ಸರಾಸರಿ ಹಾಜರಿ ಶೇಕಡಾ ೯೦’ ಎಂದಿದ್ದರೆ ಒಟ್ಟು ೬೦೦ ಗೈರುಹಾಜರಿಗಳಾಗಿವೆ ಎಂದರ್ಥ.

ಈ ೬೦೦ ಗೈರುಹಾಜರಿಗಳು ಎರಡು ಬಗೆಯಿಂದ ಆಗಿರಬಹುದು. ಮೂವತ್ತು ಮಕ್ಕಳಲ್ಲಿ ಪ್ರತಿಯೊಬ್ಬರೂ ಜ್ವರ, ಜಾತ್ರೆ, ಲಗ್ನಗಳ ಕಾರಣದಿಂದ ೨೦ ದಿನ ತಪ್ಪಿಸಿರಬಹುದು. ಅಥವಾ ೨೫ ಮಕ್ಕಳು ತಲಾ ೪ ದಿನ ಮಾತ್ರ ತಪ್ಪಿಸಿ, ಉಳಿದ ೫ ಮಕ್ಕಳು ತಲಾ ೧೦೦ ದಿನ ತಪ್ಪಿಸಿರಬಹುದು. ಎರಡರಲ್ಲಿಯೂ ಸರಾಸರಿ ಒಂದೇ, ಶೇಕಡಾ ೯೦. ಮೊದಲನೆಯ ತರಗತಿಯಲ್ಲಿ ಚಿಂತೆಗೆ ಹೆಚ್ಚಿನ ಕಾರಣವಿಲ್ಲ. ಎರಡನೆಯದರಲ್ಲಿ ಐದು ಮಕ್ಕಳ ಶಿಕ್ಷಣವು ಕಣ್ಣೆದುರಿಗೇ ಕೈತಪ್ಪಿ ಹೋಗುತ್ತಿದೆ. ಆ ಐವರು ಯಾರು? ಬಹುತೇಕ ಮೇಲೆ ಹೇಳಿದ ಮನೆಗಳವರೇ ಆಗಿರುತ್ತಾರೆ. ಸರಾಸರಿಯು ಅವರನ್ನು ಉಳಿದ ೨೫ ಮಕ್ಕಳ ಹಿಂದೆ ಬಚ್ಚಿಡುತ್ತದೆ.

ಹೊಳೆಯ ಲೆಕ್ಕವು ಇನ್ನೂ ಸೂಕ್ಷ್ಮವಾದುದು. ಜಿಲ್ಲಾಡಳಿತವು ಮಹಾಪೂರಕ್ಕಾಗಿ ರಜೆ ಸಾರಿದರೆ ಆ ದಿನಗಳು ಕೆಲಸದ ದಿನಗಳಲ್ಲಿ ಬರುವುದೇ ಇಲ್ಲ. ಕಲಿಕೆ ನಿಂತುಹೋದರೂ ಶೇಕಡಾವಾರು ಹಾಜರಿಗೆ ಯಾವ ಕುಂದೂ ಇಲ್ಲ. ಸೇತುವೆ ಮುಳುಗಿಯೂ ರಜೆ ಸಾರದಿದ್ದಲ್ಲಿ ಆಚೆ ದಂಡೆಯ ಮಗುವು ಗೈರುಹಾಜರಿಯೆನಿಸಿಕೊಳ್ಳುತ್ತದೆ. ಶಾಲೆಯು ಹಿಂದುಳಿದಂತೆ ಕಾಣುತ್ತದೆ. ಒಂದೇ ನೀರು ಒಂದು ಬಗೆಯಲ್ಲಿ ಅಂಕೆಯನ್ನು ಕೆಡಿಸದೆ ಕಲಿಕೆಯನ್ನು ಕೆಡಿಸುತ್ತದೆ, ಇನ್ನೊಂದು ಬಗೆಯಲ್ಲಿ ಎರಡನ್ನೂ ಕೆಡಿಸುತ್ತದೆ. ಆದುದರಿಂದ ವರ್ಷದ ಸರಾಸರಿಯ ಜೊತೆಗೆ ತಿಂಗಳುವಾರು ಹಾಜರಿಯನ್ನೂ, ೪೦ ದಿನಗಳಿಗಿಂತ ಹೆಚ್ಚು ತಪ್ಪಿಸಿದ ಮಕ್ಕಳ ಸಂಖ್ಯೆಯನ್ನೂ ಕೊಡುವುದು ಅವಶ್ಯಕವೆನಿಸುತ್ತದೆ. ಇದಕ್ಕೆ ಹೊಸ ಶೋಧನೆಯೇನೂ ಬೇಕಾಗಿಲ್ಲ. ಹಾಜರಿ ಪಟ್ಟಿಯಲ್ಲಿ ಎಲ್ಲವೂ ಇದೆ.

ಹಾಜರಿಯ ಜೊತೆಗೆ ಊಟವನ್ನು ಹೇಳಬೇಕು. ೨೦೦೨ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದ ಅಕ್ಷರ ದಾಸೋಹವೂ, ೨೦೧೩ರಿಂದ ಕೊಡಲಾಗುತ್ತಿರುವ ಕ್ಷೀರಭಾಗ್ಯದ ಹಾಲೂ ಮಕ್ಕಳನ್ನು ಶಾಲೆಯಲ್ಲಿ ನಿಲ್ಲಿಸುವುದರಲ್ಲಿ ದೊಡ್ಡ ಪಾತ್ರವನ್ನು ವಹಿಸಿವೆ. ಕಿರಿಯ ಪ್ರಾಥಮಿಕ ಮಗುವಿನ ಊಟದಲ್ಲಿ ೪೫೦ ಕ್ಯಾಲೊರಿ ಶಕ್ತಿಯೂ ೧೨ ಗ್ರಾಂ ಸಸಾರಜನಕವೂ ಇರಬೇಕೆಂಬ ನಿಯಮವಿದೆ. ನಸುಕಿನಲ್ಲಿಯೇ ಕೆಲಸಕ್ಕೆ ಹೊರಡುವ ತಾಯಿಯ ಮಗುವಿಗೆ ಇದು ದಿನದ ಮೊದಲ ಪೂರ್ಣ ಊಟವಾಗಿರಲೂಬಹುದು.

೫. ಫಲಿತಾಂಶದ ಶೇಕಡಾವಾರು

ಇನ್ನು ಪರೀಕ್ಷೆಯ ಫಲಿತಾಂಶ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳಿವೆ. ಇವುಗಳ ಶೇಕಡಾವಾರುಗಳನ್ನು ಹಿಂದಿನ ವರ್ಷದವುಗಳೊಡನೆ ಹೋಲಿಸಿ ಪ್ರಗತಿಯೋ ಇಳಿಗತಿಯೋ ಎಂದು ಹೇಳುವುದು ರೂಢಿ. ಇಲ್ಲಿ ಎರಡು ತಪ್ಪುಗಳಾಗುತ್ತವೆ.

ಒಂದನೆಯದು ಸಣ್ಣ ಸಂಖ್ಯೆಗಳನ್ನು ಕುರಿತದ್ದು. ೨೦ ಮಕ್ಕಳ ತರಗತಿಯಲ್ಲಿ ಕಳೆದ ವರ್ಷ ೧೬ ಮಕ್ಕಳು ಸರಾಗವಾಗಿ ಓದುತ್ತಿದ್ದರು, ಈ ವರ್ಷ ೧೪ ಮಕ್ಕಳು ಓದುತ್ತಾರೆ ಎನ್ನೋಣ. ಫಲಿತಾಂಶವು ಶೇಕಡಾ ೮೦ರಿಂದ ೭೦ಕ್ಕೆ ಇಳಿಯಿತೆಂದು ವರದಿಯಾಗುತ್ತದೆ. ‘ಶೇಕಡಾ ಹತ್ತು’ ಎಂದಾಗ ದೊಡ್ಡ ಕುಸಿತದಂತೆ ಕೇಳಿಸುತ್ತದೆ. ಆದರೆ ವಾಸ್ತವದಲ್ಲಿ ಅದು ಇಬ್ಬರು ಮಕ್ಕಳು. ಅದೂ ಬೇರೆ ಇಪ್ಪತ್ತು ಮಕ್ಕಳಲ್ಲಿಯ ಇಬ್ಬರು. ೨೦೦೦ ಮಕ್ಕಳು ಕುಳಿತ ಪರೀಕ್ಷೆಯಲ್ಲಿ ಶೇಕಡಾ ಹತ್ತು ಇಳಿದರೆ ಕಾರಣವನ್ನು ಹುಡುಕಲೇಬೇಕು. ೨೦ ಮಕ್ಕಳಲ್ಲಿ ಇಳಿದರೆ ಮೊದಲು ಆ ಇಬ್ಬರನ್ನು ಹೆಸರು ಹಿಡಿದು ಕೇಳಬೇಕು. ಸಣ್ಣ ಶಾಲೆಗೆ ಶೇಕಡಾವಾರುಗಿಂತ ಹೆಸರುಗಳೇ ಹೆಚ್ಚು ನಿಖರವಾದ ಅಳತೆ.

ಎರಡನೆಯದು ಇದಕ್ಕಿಂತ ಗಂಭೀರವಾದುದು. ಮೂರನೆಯ ತರಗತಿಯಲ್ಲಿ ಜೂನ್ ತಿಂಗಳಲ್ಲಿ ೨೦ ಮಕ್ಕಳಿದ್ದು ಅವರಲ್ಲಿ ೮ ಮಕ್ಕಳು ಓದಬಲ್ಲರು, ಎಂದರೆ ಶೇಕಡಾ ೪೦. ಶಿಕ್ಷಕಿಯು ಶ್ರಮಪಟ್ಟು ಮಾರ್ಚ್ ಹೊತ್ತಿಗೆ ಅದೇ ೨೦ ಮಕ್ಕಳಲ್ಲಿ ೧೪ ಮಕ್ಕಳಿಗೆ ಓದು ಬರುವಂತೆ ಮಾಡುತ್ತಾಳೆ, ಎಂದರೆ ಶೇಕಡಾ ೭೦. ಈ ನಡುವೆ ನವೆಂಬರಿನಲ್ಲಿ ಕಬ್ಬು ಕಡಿಯುವವರ ೫ ಮಕ್ಕಳು ಬಂದು ಸೇರುತ್ತಾರೆ. ಆ ಐವರೂ ಅಕ್ಷರಗಳನ್ನು ಗುರುತಿಸುವುದರಿಂದ ತೊಡಗಿ ಮಾರ್ಚ್ ಹೊತ್ತಿಗೆ ಶಬ್ದಗಳನ್ನು ಓದುವ ಮಟ್ಟಕ್ಕೆ ಬರುತ್ತಾರೆ, ವಾಕ್ಯಗಳನ್ನಿನ್ನೂ ಓದಲಾರರು. ಈಗ ತರಗತಿಯಲ್ಲಿ ೨೫ ಮಕ್ಕಳಲ್ಲಿ ೧೪ ಮಂದಿ ಓದಬಲ್ಲವರು. ವರದಿಯಲ್ಲಿ ಕಾಣುವುದು ಶೇಕಡಾ ೫೬. ಇಪ್ಪತ್ತೈದು ಮಕ್ಕಳಲ್ಲಿ ಹನ್ನೊಂದು ಮಕ್ಕಳು ಮುಂದೆ ಸಾಗಿದ್ದಾರೆ, ಆದರೆ ಅಂಕೆಯಲ್ಲಿ ಆರು ಮಕ್ಕಳ ಪ್ರಗತಿಯೂ ಪೂರ್ತಿಯಾಗಿ ಕಾಣುವುದಿಲ್ಲ. ಅದೇ ಶಾಲೆಯು ಆ ಐದು ಮಕ್ಕಳಿಗೆ ‘ವರ್ಗಾವಣೆ ಪತ್ರ ತನ್ನಿ, ಜೂನ್‌ನಲ್ಲಿ ಬನ್ನಿ’ ಎಂದು ಹೇಳಿ ಕಳುಹಿಬಿಟ್ಟಿದ್ದರೆ ವರದಿಯಲ್ಲಿ ಶೇಕಡಾ ೭೦ ಎಂದೇ ಕಾಣುತ್ತಿತ್ತು.

ಬಾಗಿಲು ತೆರೆದ ಶಾಲೆಗೆ ಕಡಿಮೆ ಅಂಕೆ, ಬಾಗಿಲು ಮುಚ್ಚಿದ ಶಾಲೆಗೆ ಹೆಚ್ಚು ಅಂಕೆ ದೊರೆಯುವ ಅಳತೆಯು ನ್ಯಾಯವಾದುದಲ್ಲ. ಕಾಯಿದೆಯೂ ಇದಕ್ಕೆ ವಿರುದ್ಧವಾಗಿದೆ. ವಯಸ್ಸಿನ ದಾಖಲೆಯಿಲ್ಲವೆಂದು ಪ್ರವೇಶ ನಿರಾಕರಿಸಕೂಡದು. ವರ್ಗಾವಣೆ ಪತ್ರ ತಡವಾಯಿತೆಂಬುದು ಪ್ರವೇಶವನ್ನು ತಡೆಯಲು ಕಾರಣವಾಗಕೂಡದು. ಶಾಲೆಗೆ ಎಂದೂ ಹೋಗದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ಬೋಧನೆಯನ್ನು ಕೊಡಬೇಕೆಂದು ಅದು ವಿಧಿಸುತ್ತದೆ. ಕಾಯಿದೆಯು ಒಂದನ್ನು ಬೇಡುತ್ತದೆ, ವಾರ್ಷಿಕ ವರದಿಯು ಇನ್ನೊಂದಕ್ಕೆ ಬಹುಮಾನ ಕೊಡುತ್ತದೆ. ಶಿಕ್ಷಕರು ಈ ಎರಡರ ನಡುವೆ ಸಿಕ್ಕಿಕೊಳ್ಳುತ್ತಾರೆ.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಅನುಭವವಲ್ಲ. ಇಂಗ್ಲೆಂಡಿನಲ್ಲಿ ೧೮೬೨ರಿಂದ ಶಾಲೆಗಳ ಅನುದಾನವನ್ನು ಮಕ್ಕಳ ಪರೀಕ್ಷೆಯ ಫಲಕ್ಕೆ ಜೋಡಿಸಲಾಗಿತ್ತು. ೧೮೮೨ರ ಹಂಟರ್ ಆಯೋಗವು ನಮ್ಮ ದೇಶದ ಪ್ರಾಥಮಿಕ ಶಾಲೆಗಳಿಗೂ ಅದನ್ನೇ ಶಿಫಾರಸು ಮಾಡಿತು. ಪಾಸಾಗಬಲ್ಲ ಮಕ್ಕಳ ಕಡೆಗೆ ಮಾತ್ರ ಲಕ್ಷ್ಯ ಕೊಡುವ, ಪಾಠವನ್ನು ಬಾಯಿಪಾಠವಾಗಿಸುವ ದೋಷಗಳು ಬೆಳೆದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದನ್ನು ಕೈಬಿಡಬೇಕಾಯಿತು. ಒಂದು ಶತಮಾನದ ನಂತರ ಅಮೇರಿಕವು ೨೦೦೨ರಲ್ಲಿ ಅಂಗೀಕರಿಸಿದ ಕಾನೂನಿನಲ್ಲಿ ಪ್ರತಿಯೊಂದು ಸಾರ್ವಜನಿಕ ಶಾಲೆಯೂ ‘ಸಾಕಷ್ಟು ವಾರ್ಷಿಕ ಪ್ರಗತಿ’ಯನ್ನು ತೋರಿಸಬೇಕೆಂದೂ, ೨೦೧೪ರ ಹೊತ್ತಿಗೆ ಎಲ್ಲ ಮಕ್ಕಳೂ ನಿಶ್ಚಿತ ಮಟ್ಟವನ್ನು ಮುಟ್ಟಬೇಕೆಂದೂ ವಿಧಿಸಿತು. ಬಡ ಮಕ್ಕಳ, ಬೇರೆ ಮನೆಮಾತಿನ ಮಕ್ಕಳ, ಅಂಗವಿಕಲ ಮಕ್ಕಳ ಫಲಿತಾಂಶಗಳನ್ನು ಪ್ರತ್ಯೇಕವಾಗಿ ಪ್ರಕಟಿಸಬೇಕೆಂಬ ಅದರ ನಿಯಮವು ನಿಜವಾಗಿಯೂ ಉಪಯುಕ್ತವಾಯಿತು. ಸರಾಸರಿಯ ಹಿಂದೆ ಅಡಗಿದ್ದವರು ಬೆಳಕಿಗೆ ಬಂದರು. ಆದರೆ ಒಂದೇ ಗೆರೆಯನ್ನು ಎಲ್ಲರೂ ದಾಟಬೇಕೆಂಬ ಕಟ್ಟು ಈಡೇರಲಿಲ್ಲ. ೨೦೧೫ರಲ್ಲಿ ಆ ಕಾನೂನನ್ನೇ ಬದಲಾಯಿಸಲಾಯಿತು. ಗುಂಪುವಾರು ಅಂಕೆಗಳನ್ನು ನಾವು ಅಲ್ಲಿಂದ ಕಲಿಯಬಹುದು, ಗೆರೆಯ ಭೀತಿಯನ್ನಲ್ಲ.

ನಮ್ಮಲ್ಲಿಯೂ ಪರೀಕ್ಷೆಯನ್ನು ಕುರಿತ ವಾದ ಮುಗಿದಿಲ್ಲ. ಯಾವ ಮಗುವನ್ನೂ ತರಗತಿಯಲ್ಲಿ ತಡೆಹಿಡಿಯಕೂಡದೆಂಬ ೨೦೦೯ರ ನಿಯಮವನ್ನು ೨೦೧೯ರಲ್ಲಿ ತಿದ್ದಿ ೫ ಹಾಗೂ ೮ನೆಯ ತರಗತಿಗಳ ಪರೀಕ್ಷೆಗೆ ಅವಕಾಶ ಕೊಡಲಾಯಿತು. ಕರ್ನಾಟಕದಲ್ಲಿ ಈ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನವು ನ್ಯಾಯಾಲಯದ ಮೆಟ್ಟಿಲೇರಿ, ೨೦೨೪ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ಫಲಿತಾಂಶಕ್ಕೆ ತಡೆಯಾಜ್ಞೆ ನೀಡಿತು. ಮನೆಮನೆಗೆ ಹೋಗಿ ಒಬ್ಬೊಬ್ಬ ಮಗುವಿನ ಓದನ್ನು ಪರೀಕ್ಷಿಸುವ ‘ಅಸರ್’ ಸಮೀಕ್ಷೆಯಂತೆ, ಗ್ರಾಮೀಣ ಭಾರತದಲ್ಲಿ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು ೨೦೧೮ರಲ್ಲಿ ಶೇಕಡಾ ೨೭.೩ ಇದ್ದವರು, ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ ನಂತರ ೨೦೨೨ರಲ್ಲಿ ೨೦.೫ಕ್ಕೆ ಇಳಿದು, ೨೦೨೪ರಲ್ಲಿ ೨೭.೧ಕ್ಕೆ ಮರಳಿದರು. ಈ ಸಮೀಕ್ಷೆಯು ಜಿಲ್ಲೆಗೆ ೩೦ ಗ್ರಾಮಗಳನ್ನು ಮಾದರಿಯಾಗಿ ಆರಿಸಿಕೊಳ್ಳುವುದರಿಂದ ಅದು ದೇಶದ, ರಾಜ್ಯದ ಸ್ಥಿತಿಯನ್ನು ತಿಳಿಸಬಲ್ಲದು. ಅಕ್ಕೋಳದ ಶಾಲೆಯ ಸ್ಥಿತಿಯನ್ನು ತಿಳಿಸಲಾರದು. ಹಾಗೆಯೇ ಪ್ರತಿವರ್ಷ ಪ್ರಕಟವಾಗುವ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ದೊರೆಯುವ ಸ್ಥಾನವೂ ಹತ್ತು ವರ್ಷಗಳ ಹಿಂದೆ ಒಂದನೆಯ ಇಯತ್ತೆಗೆ ಸೇರಿದವರ ಕಥೆಯಾಗಿರುತ್ತದೆಯೇ ಹೊರತು ಇಂದಿನ ಪ್ರಾಥಮಿಕ ಶಾಲೆಯದಲ್ಲ.

೬. ಪಟದ ಸಂಖ್ಯೆ ಹಾಗೂ ಶಿಕ್ಷಕರು

ಮೂರು ಅಂಕೆಗಳಲ್ಲಿ ಅತ್ಯಂತ ಸರಳವಾಗಿ ಕಾಣುವುದು ಪಟದ ಸಂಖ್ಯೆ. ಆದರೆ ಪರಿಣಾಮದಲ್ಲಿ ಅದೇ ಎಲ್ಲಕ್ಕಿಂತ ಬಲವಾದುದು. ಕಾಯಿದೆಯ ಅನುಸೂಚಿಯಂತೆ ೧ರಿಂದ ೫ನೆಯ ತರಗತಿಗಳಿರುವ ಶಾಲೆಯಲ್ಲಿ ೬೦ ಮಕ್ಕಳವರೆಗೆ ಇಬ್ಬರು ಶಿಕ್ಷಕರು, ೬೧ರಿಂದ ೯೦ರವರೆಗೆ ಮೂವರು, ೯೧ರಿಂದ ೧೨೦ರವರೆಗೆ ನಾಲ್ವರು. ಪಟದಲ್ಲಿ ೬೧ ಮಕ್ಕಳಿದ್ದ ಶಾಲೆಯಿಂದ ಒಂದು ಮಗು ಬಿಟ್ಟುಹೋದರೆ ಒಬ್ಬ ಶಿಕ್ಷಕರು ‘ಹೆಚ್ಚುವರಿ’ ಎನಿಸಿಕೊಳ್ಳುತ್ತಾರೆ. ಆಗ ಐದು ತರಗತಿಗಳನ್ನು ಇಬ್ಬರು ಹಂಚಿಕೊಳ್ಳಬೇಕು. ಒಬ್ಬರು ತರಬೇತಿಗೋ ಚುನಾವಣೆಯ ಕೆಲಸಕ್ಕೋ ಹೋದ ದಿನ ಒಬ್ಬರೇ ಐದು ತರಗತಿಗಳನ್ನು ಸಂಭಾಳಿಸಬೇಕು. ಇದನ್ನು ಕಂಡ ಪಾಲಕರು ಮತ್ತೆರಡು ಮಕ್ಕಳನ್ನು ನಿಪ್ಪಾಣಿಯ ಇಂಗ್ಲಿಷ್ ಮಾಧ್ಯಮ ಶಾಲೆಯ ವಾಹನ ಹತ್ತಿಸುತ್ತಾರೆ. ಸಂಖ್ಯೆ ಇನ್ನೂ ಇಳಿಯುತ್ತದೆ. ಮೊದಲು ಒಂದು ಮಗು ಹೋಗಿ ಶಿಕ್ಷಕರು ಹೋದರು. ಆಮೇಲೆ ಶಿಕ್ಷಕರು ಹೋದುದರಿಂದ ಮಕ್ಕಳು ಹೋದರು. ವಾರ್ಷಿಕ ವರದಿಯಲ್ಲಿ ಇದೆಲ್ಲ ‘ದಾಖಲಾತಿ ಕುಸಿತ’ ಎಂಬ ಎರಡು ಶಬ್ದಗಳಲ್ಲಿ ಮುಗಿಯುತ್ತದೆ.

ಗಡಿಭಾಗದಲ್ಲಿ ಇದರ ಭಾರ ಹೆಚ್ಚು. ಒಂದೇ ಊರಿನ ಮಕ್ಕಳು ಮಾಧ್ಯಮಗಳಿಗನುಸಾರವಾಗಿ ಎರಡು ಮೂರು ಶಾಲೆಗಳಿಗೆ ಹಂಚಿಹೋಗುವುದರಿಂದ ಪ್ರತಿಯೊಂದು ಶಾಲೆಯ ಸಂಖ್ಯೆಯೂ ಸಹಜವಾಗಿಯೇ ಚಿಕ್ಕದಾಗಿರುತ್ತದೆ. ಒಂದೇ ಭಾಷೆಯ ಊರಿಗಾಗಿ ಹಾಕಿದ ಲೆಕ್ಕವನ್ನು ಎರಡು ಭಾಷೆಗಳ ಊರಿಗೆ ಹಾಕಿದರೆ ಎರಡೂ ಶಾಲೆಗಳು ದುರ್ಬಲವಾಗಿಯೇ ಕಾಣುವುವು.

೭. ಉತ್ತಮ ವಾರ್ಷಿಕ ವರದಿಯ ಲಕ್ಷಣಗಳು

ಹಾಗಾದರೆ ಅಂಕೆಗಳನ್ನೇ ಬಿಟ್ಟುಬಿಡಬೇಕೆ? ಹಾಗಲ್ಲ. ಅಂಕೆಗಳಿಲ್ಲದಿದ್ದರೆ ನೂರು ದಿನ ಗೈರಾದ ಐದು ಮಕ್ಕಳು ಯಾರ ಗಮನಕ್ಕೂ ಬರುವುದಿಲ್ಲ. ಬೇಕಾದುದು ಸರಿಯಾದ ಅಂಕೆಗಳು. ಮೇಲಿನ ವಿವೇಚನೆಯಿಂದ ನಾಲ್ಕು ಸೂತ್ರಗಳು ಹೊರಡುತ್ತವೆ.

ಒಂದು, ಅದೇ ಮಕ್ಕಳನ್ನು ಜೂನ್‌ನಲ್ಲಿಯೂ ಮಾರ್ಚ್‌ನಲ್ಲಿಯೂ ಅಳೆಯಬೇಕು. ನಡುವೆ ಬಂದವರನ್ನು ಅವರು ಬಂದ ದಿನದಿಂದ ಅಳೆಯಬೇಕು. ಇದು ಅಸಾಧ್ಯವೇನಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ೨೦೦೯-೧೦ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿಯಲ್ಲಿ ಪ್ರತಿಯೊಂದು ಮಗುವ ಕಲಿಕೆಯ ಏಣಿಯಲ್ಲಿ ತನ್ನದೇ ಮೆಟ್ಟಿಲಿನ ಮೇಲಿರುತ್ತದೆ. ಹದಿನೈದು ದಿನ ತಪ್ಪಿಸಿ ಬಂದ ಮಗುವು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಏರುತ್ತದೆ. ಈ ದಾಖಲೆಯೇ ವಾರ್ಷಿಕ ವರದಿಗೆ ಆಧಾರವಾಗಬಹುದು. ವಿದ್ಯಾರ್ಥಿಗಳ ವೈಯಕ್ತಿಕ ದಾಖಲೆಯಿರುವ ‘ಸ್ಯಾಟ್ಸ್’ ವ್ಯವಸ್ಥೆಯೂ ಇದಕ್ಕೆ ನೆರವಾಗಬಲ್ಲದು.

ಎರಡು, ಸರಾಸರಿಯ ಬದಲು ಹಂಚಿಕೆಯನ್ನು ತೋರಿಸಬೇಕು: ಎಷ್ಟು ಮಕ್ಕಳು ಅಕ್ಷರದ ಮಟ್ಟದಲ್ಲಿದ್ದಾರೆ, ಎಷ್ಟು ಮಕ್ಕಳು ಶಬ್ದದ, ವಾಕ್ಯದ, ಕಥೆಯ ಮಟ್ಟದಲ್ಲಿದ್ದಾರೆ ಎಂದು. ಶಬ್ದದ ಮಟ್ಟಕ್ಕೆ ಏರಿದ ಮಗುವಿನ ಪ್ರಗತಿಯೂ ಆಗ ಲೆಕ್ಕಕ್ಕೆ ಬರುತ್ತದೆ.

ಮೂರು, ಮನೆಮಾತನ್ನು ದಾಖಲಿಸಬೇಕು. ಶಾಲೆಯ ಮಾಧ್ಯಮದಿಂದ ಬೇರೆಯಾದ ಮನೆಮಾತಿನ ಮಕ್ಕಳು ಎಷ್ಟು, ಮೂರು ವರ್ಷಗಳಲ್ಲಿ ಅವರು ಎಲ್ಲಿಗೆ ಮುಟ್ಟಿದರು ಎಂಬುದು ಗಡಿಭಾಗದ ಶಾಲೆಗೆ ಮುಖ್ಯ ಪ್ರಶ್ನೆಯು. ಇದು ಗಡಿವಾದದ ಲೆಕ್ಕವಾಗಬಾರದು. ಆ ವಾದದ ಸಲುವಾಗಿ ನೇಮಕವಾದ ಮಹಾಜನ ಆಯೋಗವು ೧೯೬೭ರಲ್ಲಿ ವರದಿಯನ್ನೊಪ್ಪಿಸಿತು. ಮಹಾರಾಷ್ಟ್ರವು ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಲಯದ ದಾವೆಗೆ ಕಾಲದ ಮಿತಿಯಿಲ್ಲ; ಒಂದನೆಯ ತರಗತಿಯ ಮಗುವಿಗಾದರೋ ಓದು ಕಲಿಯಲು ಎರಡು ಮೂರು ವರ್ಷಗಳ ಅವಧಿ ಮಾತ್ರ ಇದೆ.

ನಾಲ್ಕು, ವರದಿಯನ್ನು ಯಾರಿಗಾಗಿ ಬರೆಯುತ್ತೇವೋ ಅವರಿಗೆ ಅರ್ಥವಾಗುವಂತೆ ಬರೆಯಬೇಕು. ರಾಜ್ಯದಲ್ಲಿ ೨೦೦೧ರಿಂದ ಶಾಲಾಭಿವೃದ್ಧಿ ಹಾಗೂ ಮೇಲುಸ್ತುವಾರಿ ಸಮಿತಿಗಳಿವೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದು ೨೦೦೯ರ ಕಾಯಿದೆಯು ಹೇಳುತ್ತದೆ. ಬೀಡಿ ಕಟ್ಟುವ ತಾಯಿಗೆ ‘ಶೇಕಡಾ ೯೦’ ಏನನ್ನೂ ಹೇಳುವುದಿಲ್ಲ. ‘ನಮ್ಮ ಶಾಲೆಯ ಐದು ಮಕ್ಕಳು ನೂರು ದಿನ ಬರಲಿಲ್ಲ’ ಎಂದರೆ ಆಕೆಗೆ ಆ ಐವರ ಮನೆಗಳು ಗೊತ್ತು, ಕಾರಣಗಳೂ ಗೊತ್ತು. ಸಮಿತಿಯ ನಿಜವಾದ ಜ್ಞಾನವು ಅಲ್ಲಿದೆ.

೮. ಉಪಸಂಹಾರ

ಶಾಲೆಯ ವರ್ಷವನ್ನು ಒಂದು ಅಂಕೆಯಲ್ಲಿ ಹಿಡಿಯಲು ಹೋದರೆ ಅದು ಶಾಲೆಯ ಕೆಲಸವನ್ನಲ್ಲ, ಶಾಲೆಗೆ ಬಂದ ಮಕ್ಕಳ ಮನೆಗಳ ಸ್ಥಿತಿಯನ್ನು ಅಳೆಯುತ್ತದೆ. ಅನುಕೂಲಸ್ಥರ ಮಕ್ಕಳನ್ನು ಪಡೆದ ಶಾಲೆಯು ಏನೂ ಮಾಡದೆಯೂ ಚೆನ್ನಾಗಿ ಕಾಣಬಹುದು; ಕಬ್ಬಿನ ಹೊಲದ ಗುಡಿಸಲಿನ ಮಗುವನ್ನು ಬರಮಾಡಿಕೊಂಡ ಶಾಲೆಯು ಬಹಳ ಮಾಡಿಯೂ ಹಿಂದುಳಿದಂತೆ ಕಾಣಬಹುದು. ಅಳತೆಯು ತಪ್ಪಿದರೆ ನಷ್ಟವು ಕಾಗದದ ಮೇಲೆ ಮಾತ್ರ ಆಗುವುದಿಲ್ಲ. ಶಿಕ್ಷಕರ ಹುದ್ದೆ ಹೋಗುತ್ತದೆ, ಶಿಕ್ಷಕಿಯ ಉತ್ಸಾಹ ಹೋಗುತ್ತದೆ, ಕೊನೆಗೆ ಆ ಮಗುವಿಗೆ ಬಾಗಿಲೇ ಇಲ್ಲದಂತಾಗುತ್ತದೆ.

ಮುಂದಿನ ಸ್ನೇಹ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ವರದಿಯನ್ನು ಓದುವಾಗ ಮಕ್ಕಳೆಷ್ಟು ಎಂಬುದರ ಜೊತೆಗೆ ಯಾರು ಬರಲಿಲ್ಲ, ಏಕೆ ಬರಲಿಲ್ಲ, ಬಂದವರು ಎಲ್ಲಿಂದ ಎಲ್ಲಿಗೆ ಮುಟ್ಟಿದರು ಎಂಬುದನ್ನೂ ಹೇಳುವಂತಾಗಲಿ. ಅದಕ್ಕೆ ಬೇಕಾದ ದಾಖಲೆಗಳು ಶಾಲೆಯ ಕಪಾಟಿನಲ್ಲಿಯೇ ಇವೆ. ಅವನ್ನು ತೆರೆದು, ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಓದಿಕೊಂಡು, ಆಮೇಲೆ ಅಂಕೆಗಳನ್ನು ಬರೆಯುವ ಕ್ರಮವೊಂದು ರೂಢಿಗೆ ಬರಬೇಕಾಗಿದೆ.